ನೈಜೀರಿಯಾಕ್ಕೆ ನಾರ್ವೆಯ ಪಾಠ ಬೇಡ

ನೈಜೀರಿಯಾದ ಬಗ್ಗೆ ನಮ್ಮಲ್ಲಿ ಬರುವ ಲೇಖನಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಮೊದಲು ‘ತೈಲಸಮೃದ್ಧ ರಾಷ್ಟ್ರ’ ಎಂಬ ಬಿರುದು, ಆಮೇಲೆ ಅಷ್ಟು ತೈಲವಿದ್ದೂ ಇಷ್ಟು ಬಡತನವೇ ಎಂಬ ಅಚ್ಚರಿ, ಅದರ ಬೆನ್ನಿಗೆ ಸೇನಾ ಜನರಲ್‌ಗಳ ಸ್ವಿಸ್ ಖಾತೆಗಳ ಕಥೆ. ಕೊನೆಯಲ್ಲಿ ಬುದ್ಧಿವಾದ: ನಾರ್ವೆಯನ್ನು ನೋಡಿ ಕಲಿಯಿರಿ. ಬೆಲೆ ಏರಿದಾಗ ಬಂದ ಹೆಚ್ಚುವರಿ ಹಣವನ್ನು ಒಂದು ನಿಧಿಯಲ್ಲಿ ಕಟ್ಟಿಡಿ, ಆ ನಿಧಿಗೆ ಕಾನೂನಿನ ಬೀಗ ಜಡಿಯಿರಿ, ಮುಂದಿನ ಪೀಳಿಗೆಯನ್ನು ನೆನೆಯಿರಿ. ಅಂತರರಾಷ್ಟ್ರೀಯ ಸಂಸ್ಥೆಗಳ ತಜ್ಞರು ಇದನ್ನು ದಶಕಗಳಿಂದ ಹೇಳುತ್ತಿದ್ದಾರೆ. ರಾಜಧಾನಿ ಅಬುಜಾದ ಹಣಕಾಸು ಮಂತ್ರಿಗಳೂ ಹೇಳಿದ್ದಾರೆ. ಅಲ್ಲಿನ ಆಡಳಿತವನ್ನು ಬಯ್ಯುವವರೂ ಇದನ್ನೇ ಹೇಳುತ್ತಾರೆ. ಇಷ್ಟೊಂದು ಜನ ಒಪ್ಪಿದ ಮಾತು ನಿಜವಿರಲೇಬೇಕು ಎಂದು ನಾವೂ ತಲೆಯಾಡಿಸುತ್ತೇವೆ.

ಈ ಮಾತು ಬುಡದಿಂದಲೇ ತಪ್ಪು. ರೋಗವನ್ನು ಗುರುತಿಸಿದ್ದೂ ತಪ್ಪು, ಬರೆದುಕೊಟ್ಟ ಮದ್ದೂ ತಪ್ಪು.

‘ಸಮೃದ್ಧ’ ಎಂಬ ಪದವನ್ನೇ ಮೊದಲು ತೂಗಿ ನೋಡೋಣ. ಈಚಿನ ವರ್ಷಗಳಲ್ಲಿ ನೈಜೀರಿಯಾ ದಿನಕ್ಕೆ ಹೆಚ್ಚುಕಡಿಮೆ 15 ಲಕ್ಷ ಬ್ಯಾರೆಲ್ ತೈಲ ತೆಗೆಯುತ್ತಿದೆ. ವರ್ಷಕ್ಕೆ ಸುಮಾರು 55 ಕೋಟಿ ಬ್ಯಾರೆಲ್ ಆಯಿತು. ಜನಸಂಖ್ಯೆ 22 ಕೋಟಿಗೂ ಮೇಲೆ. ಅಂದರೆ ತಲೆಗೆ ವರ್ಷಕ್ಕೆ ಎರಡೂವರೆ ಬ್ಯಾರೆಲ್. ಬ್ಯಾರೆಲ್ಲಿಗೆ 75 ಡಾಲರ್ ಎಂದು ಹಿಡಿದರೆ, ತೆಗೆಯುವ ಖರ್ಚು, ಕಂಪನಿಗಳ ಪಾಲು ಯಾವುದನ್ನೂ ಕಳೆಯದೆಯೇ, ತಲೆಗೆ ಸಿಗುವುದು ವರ್ಷಕ್ಕೆ 190 ಡಾಲರಿಗೂ ಕಡಿಮೆ. ನಮ್ಮ ಲೆಕ್ಕದಲ್ಲಿ ಹದಿನಾರು ಸಾವಿರ ರೂಪಾಯಿ. ದಿನಕ್ಕೆ ಒಂದು ಊಟದ ದುಡ್ಡೂ ಆಗಲಿಲ್ಲ. ನಾರ್ವೆ ದಿನಕ್ಕೆ ತೆಗೆಯುವುದು ಸುಮಾರು 20 ಲಕ್ಷ ಬ್ಯಾರೆಲ್. ಅಲ್ಲಿನ ಜನ 55 ಲಕ್ಷ. ತಲೆಗೆ 130 ಬ್ಯಾರೆಲ್ ದಾಟುತ್ತದೆ, ಅನಿಲದ ಆದಾಯ ಬೇರೆ. ಒಬ್ಬನಿಗೆ 130, ಇನ್ನೊಬ್ಬನಿಗೆ ಎರಡೂವರೆ. ಇವರಿಬ್ಬರನ್ನೂ ‘ತೈಲ ರಾಷ್ಟ್ರ’ ಎಂಬ ಒಂದೇ ಪಂಕ್ತಿಯಲ್ಲಿ ಕೂರಿಸಿ, ಅವನು ಉಳಿಸಿದ, ನೀನೇಕೆ ಉಳಿಸಲಿಲ್ಲ ಎಂದು ಗದರುವುದನ್ನು ಅರ್ಥಶಾಸ್ತ್ರ ಎನ್ನಬೇಕೋ ಅಹಂಕಾರ ಎನ್ನಬೇಕೋ ನನಗೆ ತಿಳಿಯದು.

ಕನ್ನಡದ ಓದುಗರಿಗೆ ಇನ್ನೂ ಹತ್ತಿರದ ಲೆಕ್ಕವೊಂದಿದೆ. 2025ರ ನೈಜೀರಿಯಾದ ಕೇಂದ್ರ ಬಜೆಟ್ 54.99 ಲಕ್ಷ ಕೋಟಿ ನೈರಾ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆ ಬಜೆಟ್ಟೇ ಹಿಡಿದ ದರದಂತೆ, ಡಾಲರಿಗೆ 1,500 ನೈರಾ ಎಂದು ಭಾಗಿಸಿದರೆ ಅದು ಸುಮಾರು 3,670 ಕೋಟಿ ಡಾಲರ್, ಅಂದರೆ ಮೂರು ಲಕ್ಷ ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅದೇ ವರ್ಷದ ಕರ್ನಾಟಕ ರಾಜ್ಯ ಬಜೆಟ್ 4.09 ಲಕ್ಷ ಕೋಟಿ ರೂಪಾಯಿ. ಏಳು ಕೋಟಿ ಜನರ ಒಂದು ರಾಜ್ಯದ ಬೊಕ್ಕಸ, ಸೇನೆಯನ್ನೂ ಸಾಕಬೇಕಾದ 22 ಕೋಟಿ ಜನರ ಒಂದು ದೇಶದ ಕೇಂದ್ರ ಬೊಕ್ಕಸಕ್ಕಿಂತ ದೊಡ್ಡದು. ಅಲ್ಲಿನ 36 ರಾಜ್ಯಗಳ ಬಜೆಟ್ ಬೇರೆ ಇದೆ, ನಿಜ. ನಮಗೂ ದೆಹಲಿಯ ಬಜೆಟ್ ಬೇರೆ ಇದೆ. ಕರ್ನಾಟಕ ಒಂದು ಹನಿ ಕಚ್ಚಾ ತೈಲವನ್ನೂ ತೆಗೆಯುವುದಿಲ್ಲ. ಅದು ತೆರಿಗೆ ವಸೂಲು ಮಾಡುತ್ತದೆ: ಸ್ವಂತ ತೆರಿಗೆಯಿಂದಲೇ ಎರಡು ಲಕ್ಷ ಕೋಟಿ ರೂಪಾಯಿ ದಾಟುತ್ತದೆ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು: ಕಳ್ಳತನ. ನಾನು ಜನರಲ್‌ಗಳ ವಕಾಲತ್ತಿಗೆ ನಿಂತಿಲ್ಲ. 1994ರಲ್ಲಿ ಅರ್ಥಶಾಸ್ತ್ರಜ್ಞ ಪಯಸ್ ಒಕಿಗ್ಬೊ ನೇತೃತ್ವದ ಸಮಿತಿ, 1988ರಿಂದಾಚೆಗೆ ಬಜೆಟ್ಟಿನ ಹೊರಗಿಟ್ಟ ವಿಶೇಷ ಖಾತೆಗಳಲ್ಲಿ 1,240 ಕೋಟಿ ಡಾಲರ್ ಹರಿದು, ಬಹುಪಾಲು ಲೆಕ್ಕವಿಲ್ಲದೆ ಕರಗಿದ್ದನ್ನು ಬಯಲಿಗೆ ತಂದಿತು. ಸೇನಾ ಸರ್ವಾಧಿಕಾರಿ ಸಾನಿ ಅಬಾಚ ದೋಚಿದ ಹಣದ ಕಂತುಗಳು ಹೊರದೇಶಗಳಿಂದ ಈಗಲೂ ನೆನಪಾದಾಗಲೆಲ್ಲ ಎಂಬಂತೆ ಮರಳುತ್ತವೆ. ಇದು ಮಹಾಪರಾಧ, ಎರಡು ಮಾತಿಲ್ಲ. ಆದರೆ ಅಬಾಚ ಕದ್ದದ್ದು 200ರಿಂದ 500 ಕೋಟಿ ಡಾಲರ್ ಎಂಬುದು ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 2004ರಲ್ಲಿ ಪ್ರಕಟಿಸಿದ ಅಂದಾಜು. ದೊಡ್ಡ ಮೊತ್ತವನ್ನೇ ಹಿಡಿದು ಅಂದಿನ ಜನಸಂಖ್ಯೆಗೆ ಹಂಚಿದರೂ ತಲೆಗೆ 50 ಡಾಲರ್ ಬರುವುದಿಲ್ಲ, ಅದೂ ಒಮ್ಮೆ ಮಾತ್ರ. ಅದೇ ಪಟ್ಟಿಯ ತುದಿಯಲ್ಲಿದ್ದವನು ಬೇರೊಬ್ಬ: ಇಂಡೊನೇಷ್ಯಾದ ಸುಹಾರ್ತೊ, 1,500ರಿಂದ 3,500 ಕೋಟಿ ಡಾಲರ್.

ಕಳ್ಳತನವೇ ಎಲ್ಲಕ್ಕೂ ಕಾರಣವೆನ್ನುವವರು ಇಂಡೊನೇಷ್ಯಾದ ಎದುರು ತಡವರಿಸಬೇಕಾಗುತ್ತದೆ. ಜನಭರಿತ ದೇಶ, ತಲೆಗೆ ಸ್ವಲ್ಪವೇ ತೈಲ, ಸೈನ್ಯದ ಆಡಳಿತ, ಲಜ್ಜೆಗೆಟ್ಟ ಭ್ರಷ್ಟಾಚಾರ. ನೈಜೀರಿಯಾದ ಅವಳಿಯೇ ಸರಿ. ಸರ್ಕಾರಿ ತೈಲ ಕಂಪನಿ ಪೆರ್ತಮಿನ 1975ರಲ್ಲಿ ಸಾಲ ತೀರಿಸಲಾಗದೆ ಮುಗ್ಗರಿಸಿದಾಗ ಬಾಕಿ ಸಾವಿರ ಕೋಟಿ ಡಾಲರ್ ದಾಟಿತ್ತು. ಸುಹಾರ್ತೊ ಅಧಿಕಾರಕ್ಕೆ ಬಂದದ್ದು ಲಕ್ಷಾಂತರ ಜನರ ಹೆಣಗಳ ಮೇಲೆ ಎಂಬುದನ್ನು ಮರೆಯದೆಯೇ ಈ ಮಾತು ಹೇಳಬೇಕು: 1973ರಲ್ಲಿ ತೈಲದ ಬೆಲೆ ಏರಿದ ಮೇಲಿನ ಐದಾರು ವರ್ಷಗಳಲ್ಲಿ ಆ ಸರ್ಕಾರ 61 ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಗೊಬ್ಬರ, ನೀರಾವರಿಗೆ ಹಣ ಸುರಿಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ಆಮದು ಮಾಡಿಕೊಳ್ಳುತ್ತಿದ್ದ ದೇಶಗಳಲ್ಲೊಂದು 1984ರ ಹೊತ್ತಿಗೆ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಬೆಲೆ ಜಾರತೊಡಗಿದ ಕೂಡಲೇ ಆದಾಯ ತೆರಿಗೆ ಕಾಯ್ದೆಯನ್ನು ಹೊಸದಾಗಿ ಬರೆದು, 1985ರಲ್ಲಿ ಮೌಲ್ಯವರ್ಧಿತ ತೆರಿಗೆ ತಂದರು. ನಾರ್ವೆ ಮಾದರಿಯ ನಿಧಿ? ಅಂಥದ್ದೊಂದು ಇರಲೇ ಇಲ್ಲ. ಇಂಡೊನೇಷ್ಯಾದ ತೆರಿಗೆ ವಸೂಲಿ ಇಂದಿಗೂ ಹೇಳಿಕೊಳ್ಳುವಂಥದ್ದಲ್ಲ, ಒಪ್ಪುತ್ತೇನೆ. ಆದರೂ ಅಲ್ಲಿನ ತಲಾ ಆದಾಯ ಇಂದು ನೈಜೀರಿಯಾದ ನಾಲ್ಕು ಪಟ್ಟಿಗೂ ಮೇಲೆ.

ಅದೇ ಬೆಲೆಯೇರಿಕೆಯ ಹಣದಲ್ಲಿ ನೈಜೀರಿಯಾದ ಯಾಕುಬು ಗೋವನ್ ಸರ್ಕಾರ ಸಿಮೆಂಟ್ ತರಿಸಿತು. 1975ರಲ್ಲಿ ಎರಡು ಕೋಟಿ ಟನ್ನಿಗೆ ಗುತ್ತಿಗೆ; ಲಾಗೋಸ್ ಬಂದರು ವರ್ಷಕ್ಕೆ ಇಳಿಸಬಲ್ಲದ್ದು ಹತ್ತು ಲಕ್ಷ ಟನ್. ನೂರಾರು ಹಡಗುಗಳು ಕಡಲಲ್ಲಿ ಲಂಗರು ಹಾಕಿ ನಿಂತವು, ನಿಂತದ್ದಕ್ಕೆ ದಿನದ ಲೆಕ್ಕದಲ್ಲಿ ದಂಡ ವಸೂಲು ಮಾಡಿದವು, ಸಿಮೆಂಟ್ ಹಡಗಿನೊಳಗೇ ಗಟ್ಟಿಯಾಯಿತು. ಅಜವೊಕುಟಾದ ಉಕ್ಕಿನ ಕಾರ್ಖಾನೆಯ ಕಥೆ ಇನ್ನೂ ಉದ್ದ: 1970ರ ದಶಕದ ಕೊನೆಗೆ ಸೋವಿಯತ್ ನೆರವಿನಲ್ಲಿ ಶುರುವಾದದ್ದು, ಇಂದಿಗೂ ಕುಲುಮೆ ಹೊತ್ತಿಸಿ ಉಕ್ಕು ಕರಗಿಸಿಲ್ಲ. ಇವೆಲ್ಲ ಬಜೆಟ್ಟಿನೊಳಗೇ, ರಸೀದಿ ಸಮೇತ ನಡೆದ ಖರ್ಚುಗಳು. ಏನಕ್ಕೆ ಖರ್ಚು ಮಾಡಿದರು ಎಂಬುದು ಎಷ್ಟು ಉಳಿಸಿದರು ಎಂಬುದಕ್ಕಿಂತ ಮುಖ್ಯವಾಗುವುದು ಇಲ್ಲಿ.

ಈಗ ನಾರ್ವೆಗೆ ಬರೋಣ. ಬುದ್ಧಿ ಹೇಳುವವರು ಅದರ ಇತಿಹಾಸವನ್ನು ಕೊನೆಯ ಅಧ್ಯಾಯದಿಂದ ಓದುತ್ತಾರೆ. ಅಲ್ಲಿನ ಕಡಲಿನ ಎಕೊಫಿಸ್ಕ್ ಕ್ಷೇತ್ರದಲ್ಲಿ ತೈಲ ಸಿಕ್ಕಿದ್ದು 1969ರಲ್ಲಿ, ಉತ್ಪಾದನೆ ಶುರುವಾದದ್ದು 1971ರಲ್ಲಿ. ನಿಧಿಯ ಕಾನೂನು ಆದದ್ದು 1990ರಲ್ಲಿ. ನಿಧಿಗೆ ಮೊದಲ ಕಾಸು ಬಿದ್ದದ್ದು 1996ರಲ್ಲಿ. ನಡುವಿನ ಕಾಲು ಶತಮಾನ ಆ ಜನ ಮಾಡಿದ್ದೇನು? ಖರ್ಚು ಮಾಡಿದರು. 1970ರ ದಶಕದಲ್ಲಂತೂ ಬರಲಿರುವ ತೈಲವನ್ನು ನಂಬಿ ಹೊರಗಿನಿಂದ ಸಾಲ ತಂದರು. ತೈಲ ಸಿಗುವ ಮೊದಲೇ ಅಲ್ಲಿ ಶಾಲೆ, ವಿದ್ಯುತ್ತು, ಆಸ್ಪತ್ರೆ ಎಲ್ಲ ಇದ್ದವು. ಪ್ರಜೆ ತೆರಿಗೆ ಕಟ್ಟುತ್ತಿದ್ದ, ಸಂಸತ್ತು ಕಾಸುಕಾಸಿಗೂ ಲೆಕ್ಕ ಕೇಳುತ್ತಿತ್ತು. ಉಂಡು ತೃಪ್ತಿಯಾದ ಮೇಲೆ ಮಿಕ್ಕದ್ದನ್ನು ಎತ್ತಿಟ್ಟರು. ಹಸಿದವನಿಗೆ ಅದೇ ಶಿಸ್ತನ್ನು ಬೋಧಿಸಿದರೆ ಅದು ಉಪವಾಸದ ಉಪದೇಶವಾಗುತ್ತದೆ.

ಈ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ ದೇಶ ಘಾನಾ. 2010ರ ಡಿಸೆಂಬರಿನಲ್ಲಿ ಜುಬಿಲಿ ಕ್ಷೇತ್ರದಿಂದ ತೈಲ ಹರಿಯಿತು, ಮರುವರ್ಷವೇ ಆದಾಯ ನಿರ್ವಹಣೆಯ ಕಾಯ್ದೆ ಬಂತು. ಬೆಲೆ ಕುಸಿದಾಗ ಬಜೆಟ್ಟಿಗೆ ಆಸರೆಯಾಗಲು ಒಂದು ನಿಧಿ, ಮುಂದಿನ ಪೀಳಿಗೆಗೆ ಇನ್ನೊಂದು. ತಜ್ಞರು ಬೆನ್ನು ತಟ್ಟಿದರು. ಪೀಳಿಗೆಯ ನಿಧಿಯ ಹಣ ಹೊರದೇಶದ ಸುರಕ್ಷಿತ ಬಾಂಡುಗಳಿಗೆ ಹೋಯಿತು. ಆಗ ಅಮೆರಿಕದ ಹತ್ತು ವರ್ಷದ ಬಾಂಡು ಕೊಡುತ್ತಿದ್ದದ್ದು ಶೇ 2ರ ಆಸುಪಾಸು. ಅದೇ ಘಾನಾ 2015ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಿಂದ ನೂರು ಕೋಟಿ ಡಾಲರ್ ಸಾಲ ಎತ್ತಿತು. ಬಡ್ಡಿ ಶೇ 10.75, ಅದೂ ವಿಶ್ವಬ್ಯಾಂಕು ಭಾಗಶಃ ಜಾಮೀನು ನಿಂತ ಮೇಲೆ. ಊರಿನ ಸಾಹುಕಾರನಿಂದ ಮೀಟರ್ ಬಡ್ಡಿಗೆ ಸಾಲ ತಂದವನು, ಮೊಮ್ಮಕ್ಕಳ ಹೆಸರಿನಲ್ಲಿ ಅಂಚೆ ಕಚೇರಿಯ ಉಳಿತಾಯ ಪುಸ್ತಕ ತೆರೆದು ಮೀಸೆ ತಿರುವಿದರೆ ಮನೆಯಾಕೆ ಏನೆಂದಾಳು? 2022ರ ಡಿಸೆಂಬರಿನಲ್ಲಿ ಘಾನಾ ತನ್ನ ಬಹುಪಾಲು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಮುಂದಿನ ಪೀಳಿಗೆಗೆ ನಿಧಿಯೂ ಉಳಿಯಿತು, ಅದರ ಹಲವು ಪಟ್ಟು ಸಾಲವೂ ಉಳಿಯಿತು.

ಕಾನೂನಿನ ಬೀಗ ಎಷ್ಟು ಗಟ್ಟಿ ಎಂಬುದಕ್ಕೆ ಚಾಡ್ ಇದೆ. ಚಾಡ್‌ನಿಂದ ಕ್ಯಾಮರೂನ್ ಕಡಲತೀರದವರೆಗೆ ಪೈಪುಮಾರ್ಗ ಹಾಕಲು ವಿಶ್ವಬ್ಯಾಂಕು ಸಾಲ ಕೊಟ್ಟದ್ದೇ ಒಂದು ಷರತ್ತಿನ ಮೇಲೆ. ತೈಲದ ಆದಾಯ ಹೊರದೇಶದ ಖಾತೆಗೆ ಬೀಳಬೇಕು, ಹತ್ತನೇ ಒಂದು ಭಾಗ ಮುಂದಿನ ಪೀಳಿಗೆಗೆ, ಉಳಿದುದರ ದೊಡ್ಡ ಪಾಲು ಶಾಲೆ-ಆಸ್ಪತ್ರೆಗಳಿಗೆ. 1999ರಲ್ಲಿ ಕಾಯ್ದೆಯಾಯಿತು, ಜಗತ್ತಿಗೇ ಮಾದರಿ ಎಂದು ಹೊಗಳಿಸಿಕೊಂಡಿತು. 2003ರಲ್ಲಿ ತೈಲ ಹರಿಯಿತು. 2005ರ ಡಿಸೆಂಬರಿನಲ್ಲಿ ಅಧ್ಯಕ್ಷ ಇದ್ರಿಸ್ ದೆಬಿ ಸರ್ಕಾರ ಅದೇ ಸಂಸತ್ತಿನಲ್ಲಿ ಕಾಯ್ದೆ ತಿದ್ದಿ, ಪೀಳಿಗೆಯ ನಿಧಿಯನ್ನು ರದ್ದು ಮಾಡಿ, ‘ಭದ್ರತೆ’ಯನ್ನೂ ಆದ್ಯತೆಯ ಪಟ್ಟಿಗೆ ಸೇರಿಸಿತು. ದಂಗೆಕೋರರು ರಾಜಧಾನಿಯ ಬಾಗಿಲಿಗೆ ಬರುತ್ತಿದ್ದಾಗ ದೆಬಿಗೆ ಬೇಕಿದ್ದದ್ದು ಬಂದೂಕು. ವಿಶ್ವಬ್ಯಾಂಕು ಮುನಿಸಿಕೊಂಡಿತು, ರಾಜಿಯಾಯಿತು, ಕೊನೆಗೆ 2008ರಲ್ಲಿ ಸಾಲ ವಾಪಸು ಪಡೆದು ಕೈತೊಳೆದುಕೊಂಡಿತು. ಆ ಹಣ ತಮ್ಮದೆಂದು ಕೇಳುವ ಜನ ಇಲ್ಲದಲ್ಲಿ ಬೀಗದ ಕೀಲಿ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಕಾಯ್ದೆ ಬರೆದವರು ಯೋಚಿಸಿರಲಿಲ್ಲ.

ನೈಜೀರಿಯಾವೂ ಈ ಮದ್ದನ್ನು ಕುಡಿದು ನೋಡಿದೆ. ಎನ್ಗೋಜಿ ಒಕೊಂಜೊ-ಇವೇಲಾ ಹಣಕಾಸು ಮಂತ್ರಿಯಾಗಿದ್ದಾಗ, 2004ರಲ್ಲಿ, ಬಜೆಟ್ಟಿಗೆ ತೈಲದ ಒಂದು ಆಧಾರ ಬೆಲೆ ಹಿಡಿದು, ಅದರ ಮೇಲೆ ಬಂದದ್ದನ್ನು ಪ್ರತ್ಯೇಕ ಖಾತೆಗೆ ಹಾಕುವ ಪದ್ಧತಿ ಬಂತು. ಆಕೆ ಸಮರ್ಥೆ, 2005ರಲ್ಲಿ ಸಾಲ ಕೊಟ್ಟಿದ್ದ ಪ್ಯಾರಿಸ್ ಕ್ಲಬ್ ದೇಶಗಳಿಂದ 1,800 ಕೋಟಿ ಡಾಲರ್ ಸಾಲ ಮನ್ನಾ ಮಾಡಿಸಿದ್ದು ಸಣ್ಣ ಕೆಲಸವಲ್ಲ. 2008ರಲ್ಲಿ ಆ ಖಾತೆಯಲ್ಲಿ 2,000 ಕೋಟಿ ಡಾಲರ್ ಸೇರಿತ್ತು. ಆ ವರ್ಷದ ಕೊನೆಗೆ ಬೆಲೆ ಮಕಾಡೆ ಬಿದ್ದಾಗ ಅದೇ ಹಣ ದೇಶವನ್ನು ಕಾಪಾಡಿತು, ಒಪ್ಪೋಣ. ಏರಿಳಿತ ತಡೆಯುವ ಸಣ್ಣ ತಿಜೋರಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆಮೇಲೆ? 2011ರಿಂದ 2014ರ ನಡುಭಾಗದವರೆಗೆ ಬ್ಯಾರೆಲ್ಲಿನ ಬೆಲೆ ಬಹುತೇಕ 100 ಡಾಲರಿನ ಮೇಲೆಯೇ ಇತ್ತು. ಉಳಿತಾಯ ಉಕ್ಕಿ ಹರಿಯಬೇಕಾಗಿದ್ದ ಕಾಲ. ಖಾತೆ ಮಾತ್ರ ಬತ್ತಿತು. 2014ರಲ್ಲಿ ಬೆಲೆ ಕುಸಿಯುವ ಹೊತ್ತಿಗೆ ಉಳಿದದ್ದು ಕೆಲವು ನೂರು ಕೋಟಿ ಡಾಲರ್. 2022ರ ಹೊತ್ತಿಗೆ ಐದು ಲಕ್ಷ ಡಾಲರಿಗೂ ಕಡಿಮೆ. ಕೋಟಿ ಅಲ್ಲ, ಲಕ್ಷ. ಬೆಂಗಳೂರಿನಲ್ಲಿ ಒಂದು ಒಳ್ಳೆಯ ಮನೆಯ ಬೆಲೆ.

ಬತ್ತಿಸಿದವರು ಕಳ್ಳರಲ್ಲ, ಗವರ್ನರ್‌ಗಳು. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಜನರಿಂದ ಗೆದ್ದು ಬಂದವನು. 1999ರ ಸಂವಿಧಾನದ 162ನೇ ವಿಧಿಯ ಪ್ರಕಾರ ಒಕ್ಕೂಟದ ಆದಾಯವೆಲ್ಲ ಒಂದೇ ಖಾತೆಗೆ ಬಿದ್ದು ಹಂಚಿಕೆಯಾಗಬೇಕು. ನಮ್ಮ ಪಾಲನ್ನು ಕಟ್ಟಿಡಲು ಕೇಂದ್ರ ಯಾರು ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಕಾನೂನಿನ ದೃಷ್ಟಿಯಿಂದ ಅವರ ವಾದದಲ್ಲಿ ಹುರುಳಿತ್ತು. ಈ ಹಂಚಿಕೆಗಾಗಿ ಪ್ರತಿ ತಿಂಗಳೂ ರಾಜ್ಯಗಳ ಹಣಕಾಸು ಅಧಿಕಾರಿಗಳು ಅಬುಜಾದಲ್ಲಿ ಸೇರುತ್ತಾರೆ. ತೈಲದ ಆದಾಯದಲ್ಲಿ ಶೇ 13 ತೈಲ ತೆಗೆಯುವ ರಾಜ್ಯಗಳಿಗೆ. ಉಳಿದುದರಲ್ಲಿ ಕೇಂದ್ರಕ್ಕೆ ಶೇ 52.68, ರಾಜ್ಯಗಳಿಗೆ ಶೇ 26.72, 774 ಸ್ಥಳೀಯ ಸರ್ಕಾರಗಳಿಗೆ ಶೇ 20.60. ನೈಜೀರಿಯಾದ ನಿಜವಾದ ಬಜೆಟ್ ಅಧಿವೇಶನ ಅದು. ಸಂಸತ್ತಿನಲ್ಲಿ ಮಂಡನೆಯಾಗುವುದು ಬರೀ ಮೆರವಣಿಗೆ.

ನಮ್ಮಲ್ಲೂ ತೆರಿಗೆ ಪಾಲಿನ ಜಗಳವಿದೆ. ನಾವು ಕೊಟ್ಟದ್ದೆಷ್ಟು, ನಮಗೆ ಮರಳಿದ್ದೆಷ್ಟು ಎಂದು ಕರ್ನಾಟಕ ದೆಹಲಿಯ ಜಂತರ್ ಮಂತರ್‌ವರೆಗೂ ಹೋಗಿ ಕೇಳಿದೆ. ಅಲ್ಲಿ ಗವರ್ನರ್‌ಗೆ ‘ನಾವು ಕೊಟ್ಟದ್ದು’ ಎಂಬ ಮಾತೇ ಇಲ್ಲ. ಹಂಚಿದ್ದನ್ನು ತಂದರೆ ಸಾಕು. ತನ್ನ ರಾಜ್ಯದಲ್ಲಿ ಅಂಗಡಿ ತೆರೆದರೂ ಮುಚ್ಚಿದರೂ ಅವನ ಬೊಕ್ಕಸಕ್ಕೆ ದೊಡ್ಡ ವ್ಯತ್ಯಾಸವಿಲ್ಲ.

ಆಧಾರ ಬೆಲೆಯ ನಿಯಮವನ್ನು ಹೇಗೆ ಮಣಿಸಿದರೆಂಬುದು ಇನ್ನೂ ಸ್ವಾರಸ್ಯ. ಬೆಲೆಯನ್ನು ಕಡಿಮೆ ಹಿಡಿಯಬೇಕು ಎಂದು ತಜ್ಞರು ಕಾವಲು ಕೂತರು. ಸರಿ, ಬೆಲೆ ಕಡಿಮೆ ಹಿಡಿದರು; ಬ್ಯಾರೆಲ್‌ಗಳನ್ನು ಹೆಚ್ಚು ಬರೆದರು. 2022ರ ಮೂಲ ಬಜೆಟ್ಟಿನಲ್ಲಿ ಬೆಲೆ 62 ಡಾಲರ್, ಉತ್ಪಾದನೆ ದಿನಕ್ಕೆ 18.8 ಲಕ್ಷ ಬ್ಯಾರೆಲ್. ಆ ವರ್ಷ ಬೆಲೆ ನೂರು ದಾಟಿತು. ಉತ್ಪಾದನೆ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು: ಪೈಪು ಕೊರೆದು ಕದಿಯುವವರು, ಹಳತಾದ ಬಾವಿಗಳು, ಬಂಡವಾಳ ಹೂಡದ ಕಂಪನಿಗಳು. 2025ರ ಬಜೆಟ್ 20.6 ಲಕ್ಷ ಬ್ಯಾರೆಲ್ ಎಂದು ಬರೆದುಕೊಂಡಿತು, ಅದನ್ನೂ ಮುಟ್ಟಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅಲ್ಲಿ ವಾರ್ಷಿಕ ವಿಧಿ. ಕೊರತೆಯನ್ನು ತುಂಬಿದ್ದು ಕೇಂದ್ರ ಬ್ಯಾಂಕು. ಹಿಂದಿನ ವರ್ಷದ ಆದಾಯದ ಶೇ 5ನ್ನು ಮೀರಿ ಸರ್ಕಾರಕ್ಕೆ ಮುಂಗಡ ಕೊಡಬಾರದೆಂದು ಕಾನೂನಿತ್ತು. 2023ರಲ್ಲಿ ಆ ಬಾಕಿಯನ್ನು ದೀರ್ಘಾವಧಿ ಸಾಲವಾಗಿ ಬದಲಿಸುವಾಗ ಅದು ಸುಮಾರು 23 ಲಕ್ಷ ಕೋಟಿ ನೈರಾ ಆಗಿತ್ತು. 2022ರ ಮೊದಲ ನಾಲ್ಕು ತಿಂಗಳಲ್ಲಿ ಕೇಂದ್ರದ ಆದಾಯ 1.63 ಲಕ್ಷ ಕೋಟಿ ನೈರಾ, ಸಾಲದ ಕಂತು-ಬಡ್ಡಿ 1.94 ಲಕ್ಷ ಕೋಟಿ. ತೈಲದ ಬೆಲೆ ನೂರು ಡಾಲರಿದ್ದಾಗ ಈ ಗತಿ. ಆ ವರ್ಷ ತಿಂಗಳುಗಟ್ಟಲೆ ಸರ್ಕಾರಿ ತೈಲ ಕಂಪನಿ ಬೊಕ್ಕಸಕ್ಕೆ ಬಿಡಿಗಾಸು ಕೊಡಲಿಲ್ಲ. ಬರಬೇಕಾದದ್ದನ್ನು ಪೆಟ್ರೋಲ್ ಸಬ್ಸಿಡಿಗೆ ಮುರಿದುಕೊಂಡೆ ಎಂದಿತು.

ಇಷ್ಟೆಲ್ಲ ನಡೆಯುವಾಗ ಜನ ಏಕೆ ಕೇಳಲಿಲ್ಲ? ನನ್ನ ವಾದದ ತಿರುಳು ಇಲ್ಲೇ ಇದೆ. ಬೊಕ್ಕಸದಲ್ಲಿ ತನ್ನ ಕಾಸಿಲ್ಲದವನು ಬೊಕ್ಕಸದ ಲೆಕ್ಕ ಕೇಳುವುದಿಲ್ಲ, ಕೇಳಿದರೂ ಆಳುವವನಿಗೆ ಉತ್ತರಿಸುವ ದರ್ದಿಲ್ಲ. ಅಲ್ಲಿನ ತೆರಿಗೆ ವಸೂಲಿ ವರ್ಷಗಟ್ಟಲೆ ಜಿಡಿಪಿಯ ಶೇ 10ರ ಒಳಗೇ ಇತ್ತು. ಮೌಲ್ಯವರ್ಧಿತ ತೆರಿಗೆ 2020ರವರೆಗೂ ಶೇ 5, ಆಮೇಲೆ ಶೇ 7.5. ಗಟ್ಟಿಯಾಗಿ ಲೆಕ್ಕ ಕೇಳಿದವನು ಕೇಂದ್ರ ಬ್ಯಾಂಕಿನ ಗವರ್ನರ್ ಲಮಿಡೊ ಸನೂಸಿ. ತೈಲ ಕಂಪನಿ ಬೊಕ್ಕಸಕ್ಕೆ ಕಟ್ಟದ ಕೋಟಿಗಟ್ಟಲೆ ಡಾಲರ್ ಎಲ್ಲಿ ಎಂದ. 2014ರ ಫೆಬ್ರುವರಿಯಲ್ಲಿ ಅಮಾನತಾದ.

ನೈಜೀರಿಯನ್ನರಿಗೆ ತೆರಿಗೆಯ ಸಂಸ್ಕೃತಿಯೇ ಇಲ್ಲ ಎಂಬ ಉಡಾಫೆಯ ಉತ್ತರವೊಂದಿದೆ. ಇತಿಹಾಸ ಬೇರೆ ಹೇಳುತ್ತದೆ. ತೈಲ ರಫ್ತಾಗುವುದಕ್ಕೂ ಮುಂಚೆ, 1955ರಲ್ಲಿ, ಪಶ್ಚಿಮ ಪ್ರಾಂತ್ಯದಲ್ಲಿ ಒಬಾಫೆಮಿ ಅವೊಲೊವೊ ಸರ್ಕಾರ ಉಚಿತ ಪ್ರಾಥಮಿಕ ಶಿಕ್ಷಣ ತಂದದ್ದು ಕೋಕೋ ಬೆಳೆಗಾರರಿಂದ ಬಂದ ಹಣದಲ್ಲಿ. ಅದೇ ನೆಲದ ರೈತರು 1968-69ರಲ್ಲಿ, ರಸ್ತೆಯಿಲ್ಲ, ಬೆಲೆಯಿಲ್ಲ, ತೆರಿಗೆ ಮಾತ್ರ ಏರಿದೆ ಎಂದು ‘ಅಗ್ಬೆಕೋಯ’ ಹೆಸರಿನಲ್ಲಿ ಸಿಡಿದೆದ್ದರು. ಇಬಾದಾನ್‌ನ ಸೆರೆಮನೆ ಒಡೆದು ತಮ್ಮವರನ್ನು ಬಿಡಿಸಿಕೊಂಡು ಬಂದರು. ಸರ್ಕಾರ ಮಾತುಕತೆಗೆ ಕೂತು ತೆರಿಗೆ ಇಳಿಸಿತು. ಕೊಡುವವನು ಕೇಳಿದ, ತೆಗೆದುಕೊಳ್ಳುವವನು ಬಗ್ಗಿದ. ಮುಂದೆ ನಾಲ್ಕೇ ವರ್ಷದಲ್ಲಿ ತೈಲದ ಬೆಲೆ ಏರಿತು. ರೈತನ ಎದುರು ಕೂರುವ ಅಗತ್ಯವೇ ಆಳುವವರಿಗೆ ಉಳಿಯಲಿಲ್ಲ.

ಇನ್ನೊಂದು ಸಾಕ್ಷಿ ಲಾಗೋಸ್ ರಾಜ್ಯ. ಹೊಸ ಸ್ಥಳೀಯ ಆಡಳಿತಗಳನ್ನು ರಚಿಸಿತೆಂದು 2004ರಲ್ಲಿ ಅಧ್ಯಕ್ಷ ಒಬಸಾಂಜೊ ಆ ರಾಜ್ಯದ ಸ್ಥಳೀಯ ಸರ್ಕಾರಗಳ ಪಾಲನ್ನು ತಡೆಹಿಡಿದರು. ತಡೆದದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದರೂ ಬಿಡುಗಡೆ ಮಾಡಲಿಲ್ಲ. ಅಬುಜಾದ ಬಾಗಿಲು ಮುಚ್ಚಿದ್ದರಿಂದ ಲಾಗೋಸ್ ತನ್ನ ಊರಿನೊಳಗೇ ತೆರಿಗೆ ಹುಡುಕಬೇಕಾಯಿತು. ವಸೂಲಿಯಲ್ಲಿ ಖಾಸಗಿಯವರಿಗೆ ಪಾಲು ಕೊಟ್ಟದ್ದರ ಬಗ್ಗೆ ಇಂದಿಗೂ ಗದ್ದಲವಿದೆ, ಅದು ನ್ಯಾಯವಾದ ಗದ್ದಲ. ಆದರೂ ತೈಲದ ಪಾಲಿಗಿಂತ ಸ್ವಂತ ಆದಾಯವೇ ಹೆಚ್ಚಿರುವ ರಾಜ್ಯ ಅದು, 2008ರಲ್ಲಿ ಬಸ್ಸಿಗೆ ಪ್ರತ್ಯೇಕ ಮಾರ್ಗ ಕಟ್ಟಿಕೊಂಡ ರಾಜ್ಯ ಅದು. ಶಿಸ್ತು ಕಲಿಸಿದ್ದು ಯಾವ ನಿಧಿಯೂ ಅಲ್ಲ, ತೈಲದ ಹಣ ನಿಂತದ್ದು.

ಬಡವರ ಮೇಲೆ ತೆರಿಗೆ ಹೇರಿ ಎನ್ನುತ್ತೀಯಾ ಎಂದು ಕೇಳುವವರಿಗೆ: ಬಡವರು ಈಗಲೇ ಕಟ್ಟುತ್ತಿದ್ದಾರೆ. ಬಸ್ ನಿಲ್ದಾಣದ ಪುಂಡರಿಗೆ, ಸಂತೆಯ ವಸೂಲಿಗಾರನಿಗೆ, ಜನರೇಟರಿನ ಡೀಸೆಲ್ಲಿಗೆ. 22 ಕೋಟಿ ಜನರ ಆ ದೇಶದ ವಿದ್ಯುತ್ ಜಾಲ ಹೊರುವುದು ನಾಲ್ಕೈದು ಸಾವಿರ ಮೆಗಾವಾಟ್. ಕರ್ನಾಟಕದ ಬೇಸಗೆಯ ಬೇಡಿಕೆಯೇ 17 ಸಾವಿರ ದಾಟುತ್ತದೆ. ಕಟ್ಟದಿರುವವರು ಮೇಲಿನವರು, ಅಬುಜಾದಲ್ಲಿ ಬಂಗಲೆಯುಳ್ಳವರು. 2023ರ ಮೇ 29ರಂದು ಅಧ್ಯಕ್ಷ ಬೋಲಾ ಟಿನುಬು ಪ್ರಮಾಣವಚನದ ವೇದಿಕೆಯಲ್ಲೇ ಸಬ್ಸಿಡಿ ಮುಗಿಯಿತು ಎಂದಾಗ ಪೆಟ್ರೋಲ್ ಬೆಲೆ ಎರಡೂವರೆ ಪಟ್ಟಿಗೂ ಮೇಲೆ ಜಿಗಿಯಿತು. ತಜ್ಞರು ಚಪ್ಪಾಳೆ ತಟ್ಟಿದರು. 2024ರ ಡಿಸೆಂಬರಿಗೆ ಹಣದುಬ್ಬರ ಶೇ 34 ದಾಟಿತ್ತು. ಉಳಿದ ಹಣ ಅದೇ ಮಾಸಿಕ ಹಂಚಿಕೆಯ ದಾರಿ ಹಿಡಿದು ಗವರ್ನರ್‌ಗಳ ಕೈಗೆ ಹೋಯಿತು. ಸಬ್ಸಿಡಿ ಕೆಟ್ಟದ್ದೇ. ಆದರೆ ಪ್ರಜೆಗೆ ಸರ್ಕಾರದಿಂದ ಸಿಗುತ್ತಿದ್ದ ಒಂದೇ ಒಂದು ವಸ್ತು ಅದಾಗಿತ್ತು. 2012ರ ಜನವರಿಯಲ್ಲಿ ಅದನ್ನು ಉಳಿಸಿಕೊಳ್ಳಲು ಬೀದಿಗಿಳಿದವರನ್ನು ಮೂರ್ಖರೆಂದವರು, ಆ ಜಾಗದಲ್ಲಿ ಏನು ಕೊಡುತ್ತೀರೆಂದು ಸರ್ಕಾರವನ್ನು ಕೇಳಲಿಲ್ಲ.

ತೈಲದ ಹಣ ಬಾವಿ ಬತ್ತುವ ಮುಂಚೆ ವಿದ್ಯುತ್ ತಂತಿಯಾಗಿ, ಶಾಲೆಯಾಗಿ ಅಲ್ಲೇ ನೆಲದಲ್ಲಿ ಕಾಣಬೇಕು, ಲಂಡನ್-ನ್ಯೂಯಾರ್ಕಿನ ಬಾಂಡಿನಲ್ಲಲ್ಲ. ಸಂಬಳ, ಸಾದಿಲ್ವಾರು, ಮಂತ್ರಿಯ ಕಾರು ತೆರಿಗೆಯಿಂದಲೇ ನಡೆಯಬೇಕು. 2025ರ ಜೂನ್ 26ರಂದು ಟಿನುಬು ನಾಲ್ಕು ತೆರಿಗೆ ಕಾಯ್ದೆಗಳಿಗೆ ಸಹಿ ಹಾಕಿದರು. ವರ್ಷಕ್ಕೆ 8 ಲಕ್ಷ ನೈರಾದವರೆಗೆ ಗಳಿಸುವವರಿಗೆ ಆದಾಯ ತೆರಿಗೆಯಿಂದ ವಿನಾಯಿತಿ. ಮೌಲ್ಯವರ್ಧಿತ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಹಂಚುವಾಗ ಶೇ 30ಕ್ಕೆ ಆಯಾ ರಾಜ್ಯದಲ್ಲಿ ನಡೆದ ಬಳಕೆಯೇ ಅಳತೆ. ಈ ಮಸೂದೆಗಳ ಮೇಲೆ ಉತ್ತರದ ಗವರ್ನರ್‌ಗಳೂ ಲಾಗೋಸ್‌ನವರೂ ತಿಂಗಳುಗಟ್ಟಲೆ ಕಿತ್ತಾಡಿದರು, ಒಪ್ಪಂದವಾಗುವವರೆಗೆ ಸಂಸತ್ತಿನಲ್ಲಿ ಮಸೂದೆಗಳು ಕಾದು ಕೂತವು. ತೈಲ ಬಿಟ್ಟು ತೆರಿಗೆಗಾಗಿ ನಡೆದ ಆ ಕಿತ್ತಾಟ, ನೈಜೀರಿಯಾದ ಬಜೆಟ್ಟಿನಲ್ಲಿ ಇಪ್ಪತ್ತು ವರ್ಷಗಳಿಂದೀಚೆಗೆ ನಡೆದ ಅತ್ಯಂತ ಆರೋಗ್ಯಕರ ಘಟನೆ.